ಮೇವಿಗೆ ಹೆಪ್ಪು ಹಾಕುವ ಮುನ್ನ: ಸೈಲೇಜ್ ಪುಡಿಯ ಪೊಟ್ಟಣದಲ್ಲಿ ಇರುವುದೇನು, ಇಲ್ಲದಿರುವುದೇನು

ಮಾರ್ಚ್ ಮೂರನೇ ವಾರ ಅಣ್ಣ ಫೋನ್ ಮಾಡಿದ. ನಮ್ಮೂರು ಚನ್ನರಾಯಪಟ್ಟಣದ ಕಡೆ. ಊರಲ್ಲಿ ಅವನು, ಅತ್ತಿಗೆ, ಕರೆಯುವ ಎರಡು ಹಸು, ಗಬ್ಬದ್ದೊಂದು, ಒಂದು ಕಡಸು. ಡಿಸೆಂಬರ್‌ನಲ್ಲಿ ಮುಸುಕಿನ ಜೋಳ ಕೊಯ್ದು, ಕತ್ತರಿಸಿ, ಹಿತ್ತಿಲ ಗುಂಡಿಯಲ್ಲಿ ತುಳಿದು ಮುಚ್ಚಿದ್ದ ರಸಮೇವನ್ನು ಫೆಬ್ರವರಿ ಕೊನೆಗೆ ತೆಗೆದಿದ್ದರು. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಶುರುವಾಯಿತು.

"ಒಳಗೆ ಕೈ ಇಟ್ರೆ ಬಿಸಿ ಕಣೋ. ಮುಂಭಾಗ ಎಲ್ಲ ಬೂಷ್ಟು. ಹಸ ಮೂಸಿ ಮುಖ ತಿರುಗಿಸ್ತವೆ. ಪುಡಿ ಬೇರೆ ಹಾಕಿದ್ವಲ್ಲ, ಆದ್ರೂ ಯಾಕೆ ಹಿಂಗಾಯ್ತು?"

ಹತ್ತಿರತ್ತಿರ ಎರಡು ಟನ್ ಮೇವು ತಿಪ್ಪೆ ಸೇರಿತು. ನಮ್ಮ ಕಡೆ ರಸಮೇವಿನ ಮೂಟೆ ಕೆಜಿಗೆ ಆರು ರೂಪಾಯಿಗೆ ಸಿಕ್ಕಿದರೂ ಅದು ಹನ್ನೆರಡು ಸಾವಿರದ ಮಾಲು. ಎರಡು ಹಸು ಕರೆಯುವ ಮನೆಗೆ ಹನ್ನೆರಡು ಸಾವಿರ ಎಂದರೆ ಎಷ್ಟು ಬಟವಾಡೆ ಎಂದು ಡೇರಿಗೆ ಹಾಲು ಹಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಬರಹ ಆ ನಷ್ಟಕ್ಕಿಂತ ಅಣ್ಣನ ಆ ಪ್ರಶ್ನೆಯ ಬಗ್ಗೆ. ಪುಡಿ ಹಾಕಿದರೂ ಯಾಕೆ ಕೆಟ್ಟಿತು? ಯೂಟ್ಯೂಬ್‌ನಲ್ಲಿ, ರೈತರ ವಾಟ್ಸಾಪ್ ಗುಂಪುಗಳಲ್ಲಿ, ತಾಲ್ಲೂಕು ಕೇಂದ್ರದ ಪಶು ಆಹಾರದ ಅಂಗಡಿಗಳಲ್ಲಿ 'ಸೈಲೇಜ್ ಕಲ್ಚರ್' ಎಂಬ ಪೊಟ್ಟಣಗಳು ಈಗ ಧಾರಾಳವಾಗಿ ಓಡುತ್ತಿವೆ. ಹಾಲು ಹೆಚ್ಚುತ್ತೆ, ಮೇವು ವರ್ಷಗಟ್ಟಲೆ ಕೆಡಲ್ಲ, ಫ್ಯಾಟ್ ಏರುತ್ತೆ ಎಂಬ ಮಾತುಗಳೂ ಜೊತೆಗೇ ಓಡುತ್ತಿವೆ. ಅವುಗಳಲ್ಲಿ ಅರ್ಧ ನಿಜವಿದೆ. ಉಳಿದರ್ಧಕ್ಕೆ ರೈತ ಕೈಯಿಂದ ಕಾಸು ಕೊಡುತ್ತಿದ್ದಾನೆ.

ಗುಂಡಿಯೊಳಗೆ ನಡೆಯುವುದೇನು ಅನ್ನುವುದನ್ನು ಅಡುಗೆಮನೆಯಿಂದಲೇ ಹೇಳಬಹುದು. ಹಸಿರು ಮೇವನ್ನು ಸಣ್ಣಗೆ ಕತ್ತರಿಸಿ, ಗಾಳಿ ಹೋಗುವಂತೆ ಒತ್ತಿ, ಮುಚ್ಚಿಟ್ಟರೆ ಮೇವಿನಲ್ಲಿರುವ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ತಿಂದು ಹುಳಿ ಮಾಡುತ್ತವೆ. ಹುಳಿ ಏರಿ ಪಿಎಚ್ 4ರ ಆಸುಪಾಸಿಗೆ ಇಳಿದ ಮೇಲೆ ಕೊಳೆಸುವ ಜೀವಿಗಳಿಗೆ ಅಲ್ಲಿ ಬದುಕಿಲ್ಲ. ಹಾಲು ಮೊಸರಾಗುವುದೂ ಇದೇ ಬಗೆ, ದೋಸೆ ಹಿಟ್ಟು ಉಬ್ಬುವುದೂ ಇದೇ ಬಗೆ. ಗಾಳಿಯಾಡದಂತೆ ಮುಚ್ಚಿಟ್ಟು ಕಾಪಾಡುವುದಂತೂ ನಮಗೆ ಹೊಸದಲ್ಲ, ಹಗೇವಿನಲ್ಲಿ ರಾಗಿ ಇಟ್ಟ ಮಂದಿ ನಾವು. ಹಗೇವು ತೆಗೆದ ಕೂಡಲೇ ಒಳಗಿಳಿಯಬಾರದು ಅಂತ ಅಜ್ಜಂದಿರು ಹೇಳುತ್ತಿದ್ದರಲ್ಲ, ಒಳಗೆ ಉಸಿರಾಡುವ ಗಾಳಿಯೇ ಇರುತ್ತಿರಲಿಲ್ಲ. ಅಲ್ಲಿ ಒಣಕಾಳು, ಇಲ್ಲಿ ಹಸಿಮೇವು. ಹಸಿಮೇವಿಗೆ ಮುಚ್ಚುವುದರ ಜೊತೆ ಹುಳಿಯೂ ಬೇಕು, ಅಷ್ಟೇ.

ಆ ಹುಳಿಯನ್ನು ಹೊರಗಿನಿಂದಲೇ ಸುರಿದರೆ ಹೇಗೆ ಎಂದು ಯೋಚಿಸಿದವರು ಫಿನ್‌ಲ್ಯಾಂಡಿನ ವಿಜ್ಞಾನಿ ಎ.ಐ. ವಿರ್ತನೆನ್. ಕತ್ತರಿಸಿದ ಹಸಿಮೇವಿಗೆ ನೇರವಾಗಿ ಆಮ್ಲ ಬೆರೆಸಿ ಪಿಎಚ್ ಇಳಿಸುವ ಅವರ ವಿಧಾನಕ್ಕೆ ಅವರದೇ ಹೆಸರಿನ ಮೊದಲಕ್ಷರಗಳು ಬಂದವು, 1945ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದೂ ಮುಖ್ಯವಾಗಿ ಈ ಮೇವು ಕಾಪಿಡುವ ಕೆಲಸಕ್ಕೇ. ದನದ ಮೇವಿಗೆ ನೊಬೆಲ್ ಅಂದರೆ ಇವತ್ತಿಗೂ ನಗುವವರಿದ್ದಾರೆ. ಆದರೆ ಆರು ತಿಂಗಳು ಹಿಮ ಬೀಳುವ ನಾಡಿನಲ್ಲಿ ಚಳಿಗಾಲದ ಹಾಲು ನಿಂತದ್ದೇ ಅದರ ಮೇಲೆ. ಆಮ್ಲ ಕೈ ಸುಡುತ್ತದೆ, ಕಬ್ಬಿಣ ತಿನ್ನುತ್ತದೆ. ಹಾಗಾಗಿ ಮುಂದೆ ಆಮ್ಲದ ಬದಲು ಆಮ್ಲ ಮಾಡುವ ಬ್ಯಾಕ್ಟೀರಿಯಾವನ್ನೇ ಒಣಗಿಸಿ ಪುಡಿ ಮಾಡಿ ಮಾರುವ ದಾರಿ ಬೆಳೆಯಿತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಮೇವಿಗೆ ಹೆಪ್ಪು.

ದೋಸೆ ಹಿಟ್ಟಿಗೆ ಹೆಪ್ಪು ಬೇಕೇ?

ಇಲ್ಲೇ ಮೊದಲ ತೊಡಕು. ಕಾಯಿಸಿದ ಹಾಲಿಗೆ ಹೆಪ್ಪು ಬೇಕೇ ಬೇಕು. ದೋಸೆ ಹಿಟ್ಟಿಗೆ ಬೇಡ, ಅದು ತಾನಾಗಿಯೇ ಹುಳಿ ಬರುತ್ತದೆ. ಮೇವುಗಳಲ್ಲೂ ಹಾಗೆಯೇ ಎರಡು ಜಾತಿ.

ಮುಸುಕಿನ ಜೋಳ ದೋಸೆ ಹಿಟ್ಟಿನ ಜಾತಿ. ಕಾಳು ಹಾಲು ತುಂಬಿ ಗಟ್ಟಿಯಾಗುತ್ತಿರುವ ಹಂತದಲ್ಲಿ, ಅಂದರೆ ಗಿಡದಲ್ಲಿ ಒಣ ಪದಾರ್ಥ ಶೇ 30ರಿಂದ 35 ಇರುವಾಗ ಕೊಯ್ದರೆ ಅದರಲ್ಲಿ ಬೇಕಾದಷ್ಟು ಸಕ್ಕರೆ ಇರುತ್ತದೆ, ಎಲೆಯ ಮೇಲೆ ಬೇಕಾದಷ್ಟು ಬ್ಯಾಕ್ಟೀರಿಯಾ ಇರುತ್ತವೆ. ಚೆನ್ನಾಗಿ ಒತ್ತಿ ಮುಚ್ಚಿದರೆ ಸಾಕು, ಹುಳಿ ಬಂದೇ ಬರುತ್ತದೆ. 2017ರಲ್ಲಿ 'ಜರ್ನಲ್ ಆಫ್ ಡೇರಿ ಸೈನ್ಸ್'ನಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗಿದ ಒಂದು ವಿಶ್ಲೇಷಣೆ ಬಂತು. ಪ್ಲಾಂಟಾರಮ್ ಬಗೆಯ ಬ್ಯಾಕ್ಟೀರಿಯಾ ಹುಲ್ಲಿನ ಜಾತಿಯ ಮೇವು ಮತ್ತು ದ್ವಿದಳ ಮೇವುಗಳ ಹುದುಗುವಿಕೆಯನ್ನು ಸುಧಾರಿಸಿತು, ಆದರೆ ಮುಸುಕಿನ ಜೋಳ, ಜೋಳ, ಕಬ್ಬಿನ ಸೈಲೇಜ್‌ನಲ್ಲಿ ಅಂಥ ಲಾಭ ಕಾಣಲಿಲ್ಲ ಎಂಬುದು ಅದರ ಸಾರ. ಅದೇ ವಿಶ್ಲೇಷಣೆಯಲ್ಲಿ ಹಾಲಿನ ಏರಿಕೆಯೂ ಇದೆ: ಹಸುವಿಗೆ ದಿನಕ್ಕೆ ಸುಮಾರು 0.37 ಕೆಜಿ. ಅರ್ಧ ಲೀಟರ್ ಕೂಡ ಇಲ್ಲ. ಅದೂ ಹೆಚ್ಚು ಹಾಲು ಕೊಡುವ, ತೂಕ ಹಾಕಿ ಮೇವು ತಿನ್ನಿಸುವ ಕೊಟ್ಟಿಗೆಗಳಲ್ಲಿ ಸಿಕ್ಕ ಲೆಕ್ಕ. 'ಎರಡು ಲೀಟರ್ ಗ್ಯಾರಂಟಿ' ಎನ್ನುವ ವಿಡಿಯೊ ನಿಮ್ಮ ಫೋನಿಗೆ ಬಂದಿದ್ದರೆ ಈ 0.37 ಅನ್ನು ಅದರ ಪಕ್ಕ ಇಟ್ಟು ನೋಡಿ.

ಇನ್ನು ನೇಪಿಯರ್. ಕೋ-4, ಸೂಪರ್ ನೇಪಿಯರ್ ಎಂದೆಲ್ಲ ಬದುವಿಗೆ ಬದು ನೆಟ್ಟಿದ್ದೇವೆ. ಇದು ಬೇರೆ ಜಾತಿ. ನೀರು ಜಾಸ್ತಿ, ಸಕ್ಕರೆ ಕಡಿಮೆ. ಕೊಯ್ದ ಕೂಡಲೇ ಗುಂಡಿಗೆ ತುಂಬಿದರೆ ಹುಳಿ ಏರುವ ಮೊದಲೇ ಕ್ಲಾಸ್ಟ್ರಿಡಿಯಾ ಎಂಬ ಬ್ಯಾಕ್ಟೀರಿಯಾ ಮೇಲುಗೈ ಸಾಧಿಸುತ್ತದೆ, ಬ್ಯುಟಿರಿಕ್ ಆಮ್ಲ ಹುಟ್ಟಿ ಮೇವು ಹಳಸಿದ ಬೆಣ್ಣೆಯ ಹಾಗೆ ನಾರುತ್ತದೆ. ತಳದಲ್ಲಿ ಕಂದು ರಸ ಹರಿದು ಸತ್ವವೆಲ್ಲ ಮಣ್ಣಿಗೆ ಹೋಗುತ್ತದೆ. ಇಲ್ಲಿ ಬ್ಯಾಕ್ಟೀರಿಯಾದ ಪುಡಿಗೆ ನಿಜವಾದ ಕೆಲಸವಿದೆ. ಆದರೆ ತಿನ್ನಲು ಸಕ್ಕರೆಯೇ ಇಲ್ಲದಿದ್ದರೆ ಪುಡಿಯಲ್ಲಿ ಬಂದ ಬ್ಯಾಕ್ಟೀರಿಯಾವೂ ಉಪವಾಸವೇ. ಅದಕ್ಕೇ ಒಂದು ದಿನ ಬಾಡಿಸಬೇಕು, ಟನ್ನಿಗೆ 20ರಿಂದ 30 ಕೆಜಿ ಕಾಕಂಬಿ ಬೆರೆಸಬೇಕು. ಬಾಡಿದ್ದು ಸಾಕೇ ಎಂದು ನೋಡಲು ಯಂತ್ರ ಬೇಡ: ಕತ್ತರಿಸಿದ ಮೇವನ್ನು ಅಂಗೈಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಂಡಿ ಬಿಡಿ. ರಸ ತೊಟ್ಟಿಕ್ಕಿದರೆ ಇನ್ನೂ ಹಸಿ. ಉಂಡೆ ಮೆಲ್ಲಗೆ ಬಿಚ್ಚಿಕೊಂಡು ಅಂಗೈ ಬರೀ ತೇವವಾಗಿದ್ದರೆ ಸರಿ. ಅಂಗಡಿಯಲ್ಲಿ ಪೊಟ್ಟಣ ಕೊಡುವಾಗ ಇದನ್ನು ಹೇಳುವವರು ಕಡಿಮೆ, ಯಾಕೆಂದರೆ ಹಿಂಡಿ ನೋಡುವುದಕ್ಕೆ ಬಿಲ್ ಹಾಕಲು ಬರುವುದಿಲ್ಲ.

ಅಂದರೆ ನಮ್ಮಣ್ಣ ಪುಡಿ ಬೇಕಿಲ್ಲದ ಮೇವಿಗೆ ಪುಡಿ ಹಾಕಿದ. ದುಡ್ಡು ದಂಡ, ಅಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ.

ಮೂರು ಬೆರಳಿನ ಲೆಕ್ಕ

ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಗುಂಡಿಯ ಅಳತೆ ಹಿಡಿದೆ. ಮೂವತ್ತು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಆಳ. ಸುಮಾರು ಎಂಟು ಟನ್ ಹಿಡಿದಿತ್ತು. ನಾಲ್ಕು ರಾಸಿಗೆ ದಿನಕ್ಕೆ ಐವತ್ತೈದು ಕೆಜಿ ಹಾಕುತ್ತಿದ್ದರು. ಘನ ಮೀಟರಿಗೆ 500 ಕೆಜಿಯಂತೆ ತುಳಿದಿದ್ದಾರೆ ಎಂದುಕೊಂಡರೆ, ಗುಂಡಿಯ ಮುಖದಿಂದ ದಿನಕ್ಕೆ ಕೆರೆದು ತೆಗೆಯುತ್ತಿದ್ದದ್ದು ಬರೀ ಆರು ಸೆಂಟಿಮೀಟರ್. ಮೂರು ಬೆರಳಿನ ದಪ್ಪ.

ಬಿಸಿಲ ಕಾಲದಲ್ಲಿ ದಿನಕ್ಕೆ ಒಂದು ಅಡಿಯಷ್ಟು ಮೇವು ಮುಖದಿಂದ ಹೋಗಬೇಕು ಎನ್ನುತ್ತಾರೆ ಮೇವಿನ ತಜ್ಞರು, ಚಳಿಗಾಲದಲ್ಲಿ ಅರ್ಧ ಅಡಿ. ಯಾಕೆಂದರೆ ಗುಂಡಿ ತೆಗೆದ ಗಳಿಗೆಯಿಂದ ಗಾಳಿ ಒಳಗೆ ನುಗ್ಗುತ್ತದೆ, ಸಡಿಲವಾಗಿ ತುಳಿದ ಗುಂಡಿಯಲ್ಲಿ ಒಂದು ಮೀಟರ್ ಒಳಗಿನವರೆಗೂ ಹೋಗಬಹುದು. ದಿನಕ್ಕೆ ಆರು ಸೆಂಟಿಮೀಟರ್ ತೆಗೆಯುವ ಮನೆಯಲ್ಲಿ, ಒಂದು ಮೀಟರ್ ಒಳಗಿನ ಮೇವು ಗಾಳಿ ತಾಗಿದ ಮೇಲೆ ಹಸುವಿನ ಬಾಯಿಗೆ ಬರಲು ಹದಿನಾರು ದಿನ ಬೇಕು. ಅಷ್ಟು ದಿನ ಈಸ್ಟ್ ಸುಮ್ಮನಿರುತ್ತದೆಯೇ? ಅದು ಹುಳಿಯನ್ನೇ ತಿನ್ನುತ್ತದೆ, ಮೇವು ಬಿಸಿಯಾಗುತ್ತದೆ, ಹುಳಿ ಇಳಿದ ಕೂಡಲೇ ಬೂಷ್ಟು ಬರುತ್ತದೆ. ಅಣ್ಣನ ಗುಂಡಿ ಮುಚ್ಚಿದ್ದಾಗ ಕೆಟ್ಟಿರಲಿಲ್ಲ, ತೆಗೆದ ಮೇಲೆ ಕೆಟ್ಟಿತು. ಹುದುಗಿಸುವ ಪುಡಿಗೂ ಈ ಕೇಡಿಗೂ ಸಂಬಂಧವೇ ಬೇರೆ.

ಬೇರೆ ಎಂದರೆ ಹೇಗೆ ಬೇರೆ ಎನ್ನುವುದರಲ್ಲೇ ಪೊಟ್ಟಣದ ಕತೆ ಇದೆ. ಈ ಪುಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಮತ್ತು ಅದರ ಜೊತೆಗಾರರು. ಇವು ಬೇಗ ಬೇಗ ಲ್ಯಾಕ್ಟಿಕ್ ಆಮ್ಲ ಮಾಡಿ ಪಿಎಚ್ ಇಳಿಸುತ್ತವೆ. ಇನ್ನೊಂದು, ಲ್ಯಾಕ್ಟೊಬ್ಯಾಸಿಲಸ್ ಬುಕ್ನರಿ. ಇದು ನಿಧಾನಿ, ಲ್ಯಾಕ್ಟಿಕ್ ಆಮ್ಲದ ಒಂದು ಪಾಲನ್ನು ಅಸಿಟಿಕ್ ಆಮ್ಲವಾಗಿ ಬದಲಿಸುತ್ತದೆ. ಅಸಿಟಿಕ್ ಆಮ್ಲ ಅಂದರೆ ವಿನಿಗರ್‌ನ ಹುಳಿ. ಈಸ್ಟ್ ಮತ್ತು ಬೂಷ್ಟನ್ನು ತಡೆಯುವ ಶಕ್ತಿ ಇರುವುದು ಈ ಹುಳಿಗೆ. (2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನೇ ಒಡೆದು ಹೊಸ ಹೆಸರಿಟ್ಟರು. ಹಾಗಾಗಿ ಪೊಟ್ಟಣದ ಮೇಲೆ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್, ಲೆಂಟಿಲ್ಯಾಕ್ಟೊಬ್ಯಾಸಿಲಸ್ ಎಂದಿದ್ದರೆ ಗಾಬರಿ ಬೇಡ, ಅವೇ ಇವು. ಕೊನೆಯ ಪದ ನೋಡಿದರೆ ಸಾಕು.)

ಪ್ಲಾಂಟಾರಮ್ ಒಂದನ್ನೇ ಹಾಕಿದರೆ ಹುದುಗುವಿಕೆ ಅಚ್ಚುಕಟ್ಟಾಗಿ ಆಗುತ್ತದೆ, ಆದರೆ ಅಸಿಟಿಕ್ ಆಮ್ಲ ಕಡಿಮೆ ಉಳಿಯುತ್ತದೆ. ಆಗ ಗುಂಡಿ ತೆಗೆದ ಮೇಲೆ ಈಸ್ಟ್‌ಗೆ ತಡೆ ಇಲ್ಲ, ಏನೂ ಹಾಕದ ಮೇವಿಗಿಂತ ಬೇಗ ಬಿಸಿಯಾಗುವ ಸಾಧ್ಯತೆಯೂ ಉಂಟು. ಇದು ಸಂಶೋಧಕರಿಗೆ ಹಲವು ದಶಕಗಳಿಂದ ಗೊತ್ತಿರುವ ವಿಷಯ. ಅಣ್ಣ ತಂದಿದ್ದ ಪೊಟ್ಟಣ ತಿರುಗಿಸಿ ನೋಡಿದೆ. ಪ್ಲಾಂಟಾರಮ್, ಪೀಡಿಯೊಕಾಕಸ್ ಎಂದಷ್ಟೇ ಇತ್ತು.

"ಟನ್ನಿಗೆ ಒಂದು ಪಾಕೆಟ್ ಅಂತ ಬರ್ದಿತ್ತು. ನಾಲ್ಕು ತಂದೆ, ನೀರಲ್ಲಿ ಕಲ್ಸಿ ಎಲ್ಲದಕ್ಕೂ ಹಂಚ್ದೆ" ಅಂದ ಅಣ್ಣ. ಎಂಟು ಟನ್ನಿಗೆ ನಾಲ್ಕು. ನಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ. ಯೂರಿಯಾ ಆಗಲಿ ಹಿಂಡಿ ಆಗಲಿ, ಅರ್ಧ ಹಾಕಿದರೆ ಅರ್ಧ ಫಲ ಎಂಬುದು ನಮ್ಮ ಲೆಕ್ಕಾಚಾರ.

ಬ್ಯಾಕ್ಟೀರಿಯಾದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದ ಲಿಮಿನ್ ಕಂಗ್ ಮತ್ತು ಸಂಗಡಿಗರು 2006ರಲ್ಲಿ ಬುಕ್ನರಿ ಪ್ರಯೋಗಗಳನ್ನೆಲ್ಲ ಕಲೆಹಾಕಿ ನೋಡಿದಾಗ ಮುಸುಕಿನ ಜೋಳದ ಸೈಲೇಜ್‌ನಲ್ಲಿ ಸಿಕ್ಕ ಅಂಕಿ ಇದು: ಏನೂ ಹಾಕದ ಮೇವು ಗಾಳಿಗೆ ತೆರೆದ ಮೇಲೆ ಬಿಸಿಯಾಗದೆ ನಿಂತದ್ದು ಸರಾಸರಿ 25 ಗಂಟೆ. ಗ್ರಾಂ ಮೇವಿಗೆ ಒಂದು ಲಕ್ಷ ಅಥವಾ ಅದಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಹಾಕಿದ್ದು 35 ಗಂಟೆ. ಒಂದು ಲಕ್ಷಕ್ಕಿಂತ ಹೆಚ್ಚು ಹಾಕಿದ್ದು 503 ಗಂಟೆ. ಹತ್ತು ಗಂಟೆಯ ಲಾಭ ಒಂದು ಕಡೆ, ಇಪ್ಪತ್ತು ದಿನದ ಲಾಭ ಇನ್ನೊಂದು ಕಡೆ. ಪ್ರಯೋಗಾಲಯದ ತಂಪಿನಲ್ಲಿ ಅಳೆದ ಗಂಟೆಗಳು ನಮ್ಮ ಏಪ್ರಿಲ್ ಬಿಸಿಲಿಗೆ ಹಾಗೇ ಕೂರುವುದಿಲ್ಲ, ಆದರೆ ಅಳತೆಯ ಗೆರೆ ದಾಟದಿದ್ದರೆ ಹಾಕಿದ್ದೂ ಹಾಕದಿದ್ದಂತೆ ಎನ್ನುವುದು ಇಲ್ಲಿ ಎದ್ದು ಕಾಣುತ್ತದೆ. ಅದೂ ಅಲ್ಲದೆ ಬುಕ್ನರಿಯ ಕೆಲಸ ಮುಗಿಯಲು 45ರಿಂದ 60 ದಿನ ಬೇಕು. ತಿಂಗಳೊಳಗೆ ಗುಂಡಿ ತೆಗೆಯುವವರು ಅದಕ್ಕೆ ದುಡ್ಡು ಹಾಕದಿರುವುದೇ ಮೇಲು.

ಈಗ ಒಂದು ಸಣ್ಣ ಗುಣಾಕಾರ ಮಾಡಿ. ಗ್ರಾಂಗೆ ಒಂದು ಲಕ್ಷ ಎಂದರೆ ಒಂದು ಟನ್ ಮೇವಿಗೆ ಹತ್ತು ಸಾವಿರ ಕೋಟಿ ಜೀವಂತ ಬ್ಯಾಕ್ಟೀರಿಯಾ. ಟನ್ನಿಗೆ ನೂರು ಗ್ರಾಂ ಪೊಟ್ಟಣ ಎಂದಾದರೆ ಪುಡಿಯ ಪ್ರತಿ ಗ್ರಾಂನಲ್ಲೂ ನೂರು ಕೋಟಿ ಇರಬೇಕು. ಪೊಟ್ಟಣದ ಮೇಲೆ 'ಸಿಎಫ್‌ಯು' ಎಂದು ಬರೆಯುವುದು ಈ ಸಂಖ್ಯೆಯನ್ನೇ. ಅದು ಇಲ್ಲದಿದ್ದರೆ ಆ ಪೊಟ್ಟಣದಲ್ಲಿ ಇರುವುದು ಬ್ಯಾಕ್ಟೀರಿಯಾವೋ ಬರೀ ಹಿಟ್ಟೋ ಯಾರಿಗೆ ಗೊತ್ತು? ಸಂಖ್ಯೆ ಇದ್ದರೂ ಅದು ತಯಾರಾದ ದಿನದ್ದು. ತಗಡಿನ ಸೂರಿನ ಅಂಗಡಿಯಲ್ಲಿ ಎರಡು ಬೇಸಿಗೆ ಕಳೆದ ಪುಡಿಯಲ್ಲಿ ಬದುಕಿ ಉಳಿದವೆಷ್ಟೋ. ಇನ್ನು ಕ್ಲೋರಿನ್ ಹಾಕಿದ ನಲ್ಲಿ ನೀರಲ್ಲಿ ಕಲಸಿದರೆ ಉಳಿದವೂ ಸಾಯುತ್ತವೆ.

ಅತ್ತಿಗೆ ಇಷ್ಟು ಹೊತ್ತು ಕೇಳಿಸಿಕೊಳ್ಳುತ್ತಾ ಹಾಲಿನ ಕ್ಯಾನ್ ತೊಳೆಯುತ್ತಿದ್ದರು. "ಅಲ್ಲ ಕಣಪ್ಪ, ಹೆಪ್ಪು ಒಳ್ಳೇದಿದ್ರೂ ಪಾತ್ರೆ ಮುಚ್ಚದೆ ಹೊರಗಿಟ್ರೆ ಮೊಸರು ಮೂರನೇ ದಿನಕ್ಕೆ ಏನಾಗತ್ತೆ? ಅಷ್ಟು ದೊಡ್ಡ ಗುಂಡಿ ಬೇಡ ಅಂತ ನಾನು ಆಗ್ಲೇ ಹೇಳಿದ್ದೆ" ಅಂದರು. ನಾನು ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಲೆಕ್ಕದ ಉತ್ತರ ಅಷ್ಟೇ ಆಗಿತ್ತು.

ಗುಂಡಿ ಯಾರ ಅಳತೆಗೆ?

ಸೈಲೇಜ್ ಬಗ್ಗೆ ನಾವು ಹೇಳಿಕೊಡುವ ಪಾಠವೆಲ್ಲ ದೊಡ್ಡ ಕೊಟ್ಟಿಗೆಯ ಅಳತೆಯದು. ನೂರು ಹಸುವಿನ ಫಾರ್ಮಿನಲ್ಲಿ ದಿನಕ್ಕೆ ಎರಡು ಟನ್ ಹೋಗುತ್ತದೆ, ಅಲ್ಲಿ ಮುಖದಿಂದ ಒಂದು ಅಡಿ ತೆಗೆಯುವುದು ಕಷ್ಟವಲ್ಲ. ಕರ್ನಾಟಕದ ಹಾಲು ಬರುವುದು ಅಂಥ ಕಡೆಯಿಂದಲ್ಲ. 2024ರ ಜೂನ್ ಕೊನೆಗೆ ಕೆಎಂಎಫ್‌ನ ದಿನದ ಹಾಲು ಸಂಗ್ರಹ ಒಂದು ಕೋಟಿ ಲೀಟರ್ ತಲುಪಿತು ಎಂದು ನಾವೆಲ್ಲ ಹೆಮ್ಮೆ ಪಟ್ಟೆವಲ್ಲ, ಆ ಕೋಟಿಯಲ್ಲಿ ಬಹುಪಾಲು ಬಂದದ್ದು ಎರಡು, ಮೂರು ಹಸುವಿನ ಮನೆಗಳಿಂದ ಕ್ಯಾನಿನಲ್ಲಿ. ಅವರಿಗೆ ಬೇಕಿರುವುದು ಎರಡು ಹಸುವಿನ ಅಳತೆಯ ರಸಮೇವು.

ಅಣ್ಣನ ಗುಂಡಿಯನ್ನೇ ಮೂರು ಅಡಿ ಅಗಲ, ಮೂರು ಅಡಿ ಆಳ ಮಾಡಿದ್ದರೆ ದಿನಕ್ಕೆ ಮುಖದಿಂದ ಹೋಗುತ್ತಿದ್ದದ್ದು ಹದಿಮೂರು ಸೆಂಟಿಮೀಟರಿಗೂ ಹೆಚ್ಚು. ಎರಡರಷ್ಟಾಯಿತು, ಒಂದು ರೂಪಾಯಿ ಖರ್ಚಿಲ್ಲದೆ. ಇನ್ನೂ ಒಳ್ಳೆಯದು ಚೀಲ. ಐವತ್ತು ಅರವತ್ತು ಕೆಜಿ ಹಿಡಿಯುವ, ಒಳಗೆ ಪ್ಲಾಸ್ಟಿಕ್ ಹಾಳೆಯಿರುವ ಚೀಲದಲ್ಲಿ ತುಂಬಿ ಒತ್ತಿ ಬಿಗಿದರೆ ದಿನಕ್ಕೊಂದು ಚೀಲ ತೆಗೆದು ಅಂದೇ ಖಾಲಿ. ಗಾಳಿ ತಾಗಿ ಹದಿನಾರು ದಿನ ಕಾಯುವ ಪ್ರಶ್ನೆಯೇ ಬರುವುದಿಲ್ಲ, ಬುಕ್ನರಿಯೂ ಬೇಡ. ಹಾಗಂತ ಚೀಲವೂ ಸುಮ್ಮನಲ್ಲ. ಇಲಿ ಕಡಿಯುತ್ತದೆ, ಕಾಗೆ ಕುಕ್ಕುತ್ತದೆ, ಒಂದು ತೂತು ಬಿದ್ದರೆ ಇಡೀ ಚೀಲ ಹೋಯಿತು. ಕೈಯಲ್ಲಿ ತುಂಬುವುದು ಬೆನ್ನು ಮುರಿಯುವ ಕೆಲಸ, ಅದು ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆ. ಹರಿದ ಪ್ಲಾಸ್ಟಿಕ್ಕನ್ನು ಬದುವಿನಲ್ಲಿ ಸುಡುವುದನ್ನೂ ನೋಡಿದ್ದೇನೆ.

ಕತ್ತರಿಸುವ ಯಂತ್ರ, ಒತ್ತಿ ಚೀಲ ತುಂಬುವ ಯಂತ್ರ ಎರಡೂ ಒಂದು ಮನೆಗೆ ದುಬಾರಿ, ಒಂದು ಹಾಲಿನ ಸೊಸೈಟಿಗೆ ಅಲ್ಲ. ಆದರೆ ಸರ್ಕಾರದ ದುಡ್ಡು ಹೋಗುತ್ತಿರುವ ದಿಕ್ಕು ನೋಡಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಸೈಲೇಜ್, ಮೇವಿನ ಬ್ಲಾಕ್ ಮಾಡುವ ಘಟಕಗಳಿಗೆ ಶೇ 50ರ ಬಂಡವಾಳ ಸಹಾಯಧನ, ಗರಿಷ್ಠ 50 ಲಕ್ಷ ರೂಪಾಯಿ. ಯೋಜನೆ ಕೆಟ್ಟದ್ದಲ್ಲ, ಬರದ ವರ್ಷ ದೂರದ ತಾಲ್ಲೂಕಿಗೆ ಮೇವು ಸಾಗಿಸಲು ಮೂಟೆ ಮಾಡುವವರು ಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ 2023 ಇನ್ನೂ ನೆನಪಿದೆ. ಆದರೆ ಕೋಟಿ ಹೂಡುವ ಉದ್ಯಮಿ ಮಾಡಿದ ರಸಮೇವನ್ನು ಸಣ್ಣ ರೈತ ಕೊಳ್ಳುವ ಗಿರಾಕಿ ಮಾತ್ರ. ಅವನ ಹೊಲದ ಜೋಳ ಅವನ ಹಸುವಿಗೇ ಆಗುವ ದಾರಿಗೆ ಹೋಗುವ ದುಡ್ಡು ಕಾಣುವುದಿಲ್ಲ. ಸೊಸೈಟಿಗೊಂದು ಯಂತ್ರ, ಬಾಡಿಗೆ ಲೆಕ್ಕದಲ್ಲಿ, ಬಾಡಿಗೆ ಹಾಲಿನ ಬಟವಾಡೆಯಲ್ಲಿ ಮುರಿದುಕೊಳ್ಳುವಂತೆ ಮಾಡಲು ಹೊಸ ಕಾನೂನು ಬೇಕಾಗಿಲ್ಲ. ಹಿಂಡಿಯ ಮೂಟೆಯ ದುಡ್ಡನ್ನು ಹಾಗೆಯೇ ಮುರಿದುಕೊಳ್ಳುತ್ತಾರಲ್ಲ.

ಜೋಳ ಎಂದಾಗ ಇನ್ನೊಂದು ಮಾತು. 2025ರ ನವೆಂಬರ್‌ನಲ್ಲಿ ಹಾವೇರಿ, ಗದಗ ಕಡೆ ರೈತರು ಮೆಕ್ಕೆಜೋಳದ ಬೆಲೆಗಾಗಿ ರಸ್ತೆಗಿಳಿದಿದ್ದರು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಅದಕ್ಕಿಂತ ಬಹಳ ಕೆಳಗೆ. ಅಲ್ಲಿ ಕಾಳಿಗೆ ಬೆಲೆ ಇಲ್ಲ, ಇಲ್ಲಿ ಮೇವಿಗೆ ಬೆಲೆ ಕೊಟ್ಟು ಸುಸ್ತಾಗಿದ್ದೇವೆ. ಹಾಗಾದರೆ ಆ ಜೋಳವನ್ನೆಲ್ಲ ರಸಮೇವು ಮಾಡಿ ಎನ್ನುವುದು ಸುಲಭ, ಆದರೆ ರಸಮೇವಿಗೆ ಕೊಯ್ಯಬೇಕಾದದ್ದು ಕಾಳು ಒಣಗುವ ವಾರಗಳ ಮೊದಲು. ಬೆಲೆ ಬೀಳುವುದು ಗೊತ್ತಾಗುವ ಹೊತ್ತಿಗೆ ಗಿಡ ಒಣಗಿರುತ್ತದೆ. ಒಣಗಿದ ದಂಟನ್ನು ಗುಂಡಿಗೆ ತುಂಬಿದರೆ ಒತ್ತಲು ಬರುವುದಿಲ್ಲ, ಗಾಳಿ ಉಳಿಯುತ್ತದೆ, ಬೂಷ್ಟು ಖಾತ್ರಿ. ಒಕ್ಕೂಟಗಳು ಬಿತ್ತನೆಯ ಹೊತ್ತಿಗೇ ಇಂತಿಷ್ಟು ಎಕರೆ ಹಸಿಗಿಡಕ್ಕೆ ಬೆಲೆ ಕಟ್ಟಿದರೆ ಮಾತ್ರ ಇದಕ್ಕೆ ಅರ್ಥ.

ಬೂಷ್ಟಿನ ಮೇವನ್ನು ಬಿಸಾಡಲು ಮನಸ್ಸು ಬಾರದೆ ಸ್ವಲ್ಪ ಸ್ವಲ್ಪ ಬೆರೆಸಿ ಹಾಕುವವರಿದ್ದಾರೆ. ಅಣ್ಣನೂ ಎರಡು ದಿನ ಹಾಕಿದ್ದ. ಇದು ಅವನ ಕೊಟ್ಟಿಗೆಯಲ್ಲೇ ಮುಗಿಯುವ ವಿಷಯವಲ್ಲ. ಕೆಲವು ಬೂಷ್ಟುಗಳು ಮಾಡುವ ಅಫ್ಲಾಟಾಕ್ಸಿನ್ ವಿಷದ ಒಂದಂಶ ಹಸುವಿನ ಹೊಟ್ಟೆಯಿಂದ ಹಾಲಿಗೆ ಇಳಿಯುತ್ತದೆ, ಕಾಯಿಸಿದರೆ ಹೋಗುವುದಿಲ್ಲ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿದಾಗ ಶೇ 5.7ರಷ್ಟರಲ್ಲಿ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿತ್ತು. ಮಿತಿ ಎಂದರೆ ಕೆಜಿಗೆ 0.5 ಮೈಕ್ರೋಗ್ರಾಂ. ಅದಕ್ಕೆಲ್ಲ ರಸಮೇವೇ ಕಾರಣ ಎನ್ನುವುದು ತಪ್ಪು. ಕಡಲೆಕಾಯಿ ಹಿಂಡಿ, ಹತ್ತಿಕಾಳಿನ ಹಿಂಡಿ, ನೆನೆದ ಜೋಳದ ಪಾಲು ದೊಡ್ಡದು. ಆದರೆ ಯಾವ ಪುಡಿಯೂ ಬೂಷ್ಟು ಬಂದ ಮೇವನ್ನು ಮತ್ತೆ ಒಳ್ಳೆಯದು ಮಾಡುವುದಿಲ್ಲ. ಹುಳಿ ಸರಿಯಾಗಿ ಬಾರದ ಮೇವಿನಲ್ಲಿ ಲಿಸ್ಟೀರಿಯಾ ಬೆಳೆದು ಹಸು ಕಂದು ಹಾಕುವುದೂ ಉಂಟು. ಅಣ್ಣನ ಕೊಟ್ಟಿಗೆಯಲ್ಲಿದ್ದ ಗಬ್ಬದ ಹಸುವನ್ನು ನೆನೆದು ನನಗೆ ಹೆದರಿಕೆಯಾದದ್ದು ಈ ಕಾರಣಕ್ಕೇ.

ಸೊಸೈಟಿಯಲ್ಲಿ ದಿನಕ್ಕೆರಡು ಸಲ ಫ್ಯಾಟ್ ನೋಡುತ್ತೇವೆ, ಎಸ್‌ಎನ್‌ಎಫ್ ನೋಡುತ್ತೇವೆ. ಮೇವು ನೋಡುವ ಒಂದು ಪಿಎಚ್ ಪಟ್ಟಿ ಕೆಲವೇ ರೂಪಾಯಿಯದು. ಹಿಡಿ ಮೇವನ್ನು ಲೋಟ ನೀರಲ್ಲಿ ಕಿವುಚಿ ಪಟ್ಟಿ ಅದ್ದಿದರೆ ಆಯಿತು: ಜೋಳದ ರಸಮೇವು 4.2ರ ಒಳಗಿದ್ದರೆ ನೆಮ್ಮದಿ, 5 ದಾಟಿದರೆ ಹಸುವಿಗೆ ಬೇಡ. ಹಾಲಿನ ಗುಣ ಕೇಳುವ ಒಕ್ಕೂಟ ಮೇವಿನ ಗುಣಕ್ಕೆ ಇಷ್ಟನ್ನಾದರೂ ಮಾಡಬಹುದಿತ್ತು.

ಪುಡಿಯ ವಿಷಯಕ್ಕೆ ಸರ್ಕಾರ ಮಾಡಬೇಕಾದ್ದು ಇನ್ನೂ ಸರಳ. ಮಣ್ಣಿಗೆ ಹಾಕುವ ರೈಜೋಬಿಯಂ, ಅಜಟೋಬ್ಯಾಕ್ಟರ್ ಪೊಟ್ಟಣಗಳೂ ಒಂದು ಕಾಲಕ್ಕೆ ಹೀಗೇ ಹೇಳುವವರು ಕೇಳುವವರು ಇಲ್ಲದೆ ಮಾರಾಟವಾಗುತ್ತಿದ್ದವು. 2006ರಲ್ಲಿ ಜೈವಿಕ ಗೊಬ್ಬರಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದರು. ಪುಡಿಯ ಗ್ರಾಂಗೆ ಕನಿಷ್ಠ ಐದು ಕೋಟಿ ಜೀವಂತ ಕೋಶ ಇರಬೇಕು, ಅವಧಿ ಮುಗಿಯುವ ದಿನ ಬರೆಯಬೇಕು ಎಂಬ ಕಟ್ಟಳೆ ಬಂತು. ಇನ್‌ಸ್ಪೆಕ್ಟರ್ ಮಾದರಿ ತೆಗೆಯಬಹುದು, ಲ್ಯಾಬಿಗೆ ಕಳಿಸಬಹುದು. ಸೈಲೇಜ್ ಪುಡಿ ಗೊಬ್ಬರವಲ್ಲ, ಹಾಗಾಗಿ ಆ ಆದೇಶ ಅದಕ್ಕೆ ತಾಗುವುದಿಲ್ಲ. ಮಣ್ಣಿಗೆ ಹಾಕುವ ಬ್ಯಾಕ್ಟೀರಿಯಾ ಎಣಿಸುವ ಸರ್ಕಾರಕ್ಕೆ ಹಸುವಿನ ಹೊಟ್ಟೆಗೆ ಹೋಗುವ ಬ್ಯಾಕ್ಟೀರಿಯಾ ಎಣಿಸುವುದು ಅಸಾಧ್ಯವೇನಲ್ಲ. ಬೆಂಗಳೂರಿನ ಆಡುಗೋಡಿಯಲ್ಲೇ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ, ಬೀದರ್‌ನಲ್ಲಿ ಪಶು ವಿಶ್ವವಿದ್ಯಾಲಯ ಇದೆ. ಪೊಟ್ಟಣದಲ್ಲಿ ಯಾವ ಬ್ಯಾಕ್ಟೀರಿಯಾ, ಎಷ್ಟು, ಯಾವ ಮೇವಿಗೆ, ಎಷ್ಟು ದಿನದ ಮೇಲೆ ತೆಗೆಯಬೇಕು, ಎಲ್ಲಿ ಇಡಬೇಕು ಎಂಬುದು ಕನ್ನಡದಲ್ಲಿ ಅಚ್ಚಾಗಿರಬೇಕು ಎಂದು ಒಂದು ಆದೇಶ ಬರಲಿ. ಉಚಿತವಾಗಿ ಪೊಟ್ಟಣ ಹಂಚುವ ಯೋಜನೆ ಮಾತ್ರ ಬೇಡ. ಅದು ಟೆಂಡರ್ ಗೆದ್ದವರಿಗೆ ಲಾಭ ತರುತ್ತದೆ, ಜೋಳದ ಗುಂಡಿಗೆ ಪ್ಲಾಂಟಾರಮ್ ಸುರಿದು ಕೂರುವ ನಮ್ಮಣ್ಣನಂಥವರಿಗಲ್ಲ.

ಹಾಲಿನ ದರ 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದಾಗ ಅಷ್ಟೂ ರೈತರಿಗೇ ಎಂದರು. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಇದೆ, ಅದು ಯಾವಾಗ ಖಾತೆಗೆ ಬೀಳುತ್ತದೆ ಎಂಬುದು ಬೇರೆ ಮಾತು. ಲೀಟರಿಗೆ ನಾಲ್ಕು ರೂಪಾಯಿ ಎಂದರೆ ದಿನಕ್ಕೆ ಹದಿನಾರು ಲೀಟರ್ ಹಾಕುವ ಅಣ್ಣನಿಗೆ ಅರವತ್ನಾಲ್ಕು ರೂಪಾಯಿ. ತಿಪ್ಪೆ ಸೇರಿದ ಹನ್ನೆರಡು ಸಾವಿರ ಅದರಲ್ಲಿ ಆರು ತಿಂಗಳದ್ದು.

ಈ ಸಲ ಹಳೆಯ ಗುಂಡಿಯ ಮಧ್ಯೆ ಇಟ್ಟಿಗೆಯ ಗೋಡೆ ಎಬ್ಬಿಸಿ ಎರಡು ಕಿರಿದಾದ ಗುಂಡಿ ಮಾಡಿದ್ದಾರೆ. ಒಂದು ಮುಗಿಯುವವರೆಗೆ ಇನ್ನೊಂದನ್ನು ತೆಗೆಯುವುದಿಲ್ಲ. ಜೋಳಕ್ಕೆ ಏನೂ ಹಾಕುವುದಿಲ್ಲ, ಬೇಸಿಗೆಗೆ ತೆಗೆಯುವ ಗುಂಡಿಗೆ ಬುಕ್ನರಿ ಸಿಕ್ಕರೆ ಪೂರ್ತಿ ಅಳತೆಯಲ್ಲಿ, ಸಿಗದಿದ್ದರೆ ಇಲ್ಲ ಎಂದು ಮಾತಾಯಿತು. ಹಬ್ಬಕ್ಕೆ ಹೋದಾಗ ನಾವಿಬ್ಬರೂ ಪೇಟೆಯ ಅಂಗಡಿಗೆ ಹೋಗಿ ಗ್ರಾಂಗೆ ಎಷ್ಟು ಸಿಎಫ್‌ಯು ಇದೆ ಎಂದು ಕೇಳಿದೆವು. ಅಂಗಡಿಯವರು ಕನ್ನಡಕ ಏರಿಸಿ ಪೊಟ್ಟಣವನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ನಂಬರ್ ಏನೂ ಹಾಕಿಲ್ಲ ಸಾರ್. ಆದ್ರೆ ಎಲ್ರೂ ಇದನ್ನೇ ತಗೊಂಡು ಹೋಗ್ತಾರೆ."

ಅಣ್ಣ ಪೊಟ್ಟಣವನ್ನು ಕೌಂಟರಿನ ಮೇಲಿಟ್ಟು, ಎರಡು ಮೀಟರ್ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕೊಡಿ ಅಂದ.